ಸಾಲದ ಓದಿನ ನಡುವೆ ಎರಡು ದಿನದ ಊರು

ಗದಗ ಜಿಲ್ಲೆಯ ಓದುಗ ತಾಯಿಯೊಬ್ಬರು ಈ ಅಂಕಣಕ್ಕೆ ಪತ್ರ ಬರೆದಿರುವರು. ಅವರ ಮಗ ಜರ್ಮನಿಯ ಕಾರ್ಲ್ಸ್‌ರೂಹೆ ನಗರದಲ್ಲಿ ಎಂಜಿನಿಯರಿಂಗ್ ಉನ್ನತ ವ್ಯಾಸಂಗದಲ್ಲಿದ್ದಾನೆ. ಇದ್ದ ಒಂದು ಮನೆಯ ಪತ್ರವನ್ನು ಬ್ಯಾಂಕಿಗೊಪ್ಪಿಸಿ ತಂದೆ ಸಾಲ ತೆಗೆದಿದ್ದಾರೆ. ಹುಡುಗ ಹೋಗಿ ಎಂಟು ತಿಂಗಳಾದವು. ಕಾಲೇಜು, ಕೋಣೆ, ಅರೆಕಾಲಿಕ ಕೆಲಸದ ಅಂಗಡಿ, ಈ ಮೂರನ್ನು ಬಿಟ್ಟು ಅವನು ಬೇರೆ ಏನನ್ನೂ ಕಂಡಿಲ್ಲವಂತೆ. ಈಗ ಶನಿವಾರ, ಭಾನುವಾರ ಎರಡು ದಿನ ಪಕ್ಕದ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರವನ್ನು ನೋಡಿ ಬರಲೇ ಎಂದು ಕೇಳಿದನು. ತಂದೆ, "ಮೊದಲು ಸಾಲ ತೀರಲಿ, ಆಮ್ಯಾಲ ಊರು ನೋಡಾಕ ಹೋಗುವಂತಿ" ಎಂದರು. ಹುಡುಗ ಎದುರಾಡಲಿಲ್ಲ. ಆದರೆ ವಾರಕ್ಕೆರಡು ಬಾರಿ ಬರುತ್ತಿದ್ದ ಫೋನು ಈಗ ಹದಿನೈದು ದಿನಕ್ಕೊಮ್ಮೆ ಬರುತ್ತಿದೆ. ಬಂದಾಗಲೂ "ಊಟ ಆತು, ಆರಾಮ ಅದೀನಿ" ಎಂಬಲ್ಲಿಗೆ ಮಾತು ಮುಗಿಯುತ್ತದೆ. "ನಾವು ಬ್ಯಾಡ ಅಂದದ್ದು ತಪ್ಪೇನು?" ಎಂಬುದು ತಾಯಿಯ ಪ್ರಶ್ನೆ.

ತಾಯೀ, ನಿಮ್ಮ ಯಜಮಾನರ ಅಂಜಿಕೆ ನ್ಯಾಯವಾದುದು. ವಿದ್ಯಾಭ್ಯಾಸದ ಸಾಲಕ್ಕೆ ಓದು ಮುಗಿಯುವವರೆಗೆ ಕಂತು ಕಟ್ಟಬೇಕಿಲ್ಲವಾದರೂ ಬಡ್ಡಿ ಮಾತ್ರ ಒಂದು ದಿನವೂ ನಿಲ್ಲದೆ ಬೆಳೆಯುತ್ತಿರುತ್ತದೆ. ಅದನ್ನು ಬಲ್ಲವರಿಗೆ ಮಗನ ಪ್ರವಾಸದ ಮಾತು ಕಿವಿಗೆ ಹಿತವಾಗದು. ಆದರೂ ನನ್ನ ಅಭಿಪ್ರಾಯ ಕೇಳಿದ್ದೀರಿ. ಹುಡುಗನು ಹೋಗಿ ಬರಲಿ. ಹೇಗೆ ಹೋಗಬೇಕು, ಎಷ್ಟರಲ್ಲಿ ಮುಗಿಸಬೇಕು ಎಂಬುದನ್ನು ಮಾತ್ರ ಅವನು ಕಾಗದದ ಮೇಲೆ ಬರೆದು ತಂದೆಯ ಮುಂದೆ ಇಡಲಿ. ನಿಮ್ಮಂತೆಯೇ ಮಕ್ಕಳನ್ನು ಹೊರದೇಶಕ್ಕೆ ಕಳುಹಿಸಿದ ಮನೆಗಳು ಈಗ ನಮ್ಮ ಊರೂರಿನಲ್ಲಿ ಇರುವುದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಮೊದಲು ಹಣದ ಮಾತು. ಜರ್ಮನಿಗೆ ಓದಲು ಹೋಗುವ ನಮ್ಮ ವಿದ್ಯಾರ್ಥಿಗಳು ಒಂದು ವರ್ಷದ ಜೀವನವೆಚ್ಚವನ್ನು ಮುಂಗಡವಾಗಿ ಒಂದು ಖಾತೆಯಲ್ಲಿರಿಸಿ ತೋರಿಸಬೇಕು. ಅದನ್ನು ಅವರು ಬ್ಲಾಕ್ಡ್ ಅಕೌಂಟ್ ಎನ್ನುತ್ತಾರೆ. 2024ರ ಸೆಪ್ಟೆಂಬರ್‌ನಿಂದ ಆ ಮೊತ್ತ 11,904 ಯೂರೋ. ತಿಂಗಳಿಗೆ 992 ಯೂರೋದಂತೆ ಕೈಗೆ ಬರುತ್ತದೆ. ಕೋಣೆಯ ಬಾಡಿಗೆ, ಆರೋಗ್ಯ ವಿಮೆ, ದಿನಸಿ ಕಳೆದರೆ ಉಳಿಯುವುದು ಅಲ್ಪ. 2024ರ ಮಾರ್ಚ್‌ನಿಂದ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಲು ವಿದ್ಯಾರ್ಥಿಗಳಿಗೆ ಅನುಮತಿ ಇದೆ. ನಿಮ್ಮ ಮಗನೂ ಹಾಗೆ ದುಡಿಯುತ್ತಿದ್ದಾನೆ. ನಾನು ಮುಂದೆ ಹೇಳಲಿರುವ ಪ್ರವಾಸಕ್ಕೆ ಹೆಚ್ಚೆಂದರೆ 90 ಯೂರೋ ಸಾಕು. ಮೂರು ತಿಂಗಳಿಗೊಮ್ಮೆ ಇಂಥದೊಂದು ಎಂದಿಟ್ಟುಕೊಂಡರೆ ತಿಂಗಳಿಗೆ 30 ಯೂರೋ. ಅಲ್ಲಿ ಹೊರಗೆ ಎರಡು ಮೂರು ಬಾರಿ ಊಟ ಮಾಡಿದರೆ ಅಷ್ಟು ಹಣ ಕರಗುತ್ತದೆ. ಅದನ್ನು ಅವನು ತನ್ನ ದುಡಿಮೆಯಿಂದ ಉಳಿಸಿಕೊಳ್ಳಲಿ, ಸಾಲದ ಹಣಕ್ಕೆ ಕೈಹಾಕುವುದು ಬೇಡ. ಈ ಒಂದು ಕಟ್ಟಳೆಗೆ ಹುಡುಗ ಒಪ್ಪಿದರೆ ತಂದೆಯವರೂ ಒಪ್ಪುವುದು ಯುಕ್ತ.

ಎಂಟು ತಿಂಗಳು ನಾಲ್ಕು ಗೋಡೆಯ ನಡುವೆ ಇದ್ದು, ಚಳಿಗಾಲದಲ್ಲಿ ಮಧ್ಯಾಹ್ನ ನಾಲ್ಕೂವರೆ ಗಂಟೆಗೇ ಕತ್ತಲಾಗುವ ದೇಶದಲ್ಲಿ ಮಾತಿಗೊಬ್ಬರಿಲ್ಲದೆ ಕುಳಿತವನ ಓದು ಏನಾದೀತೆಂಬುದನ್ನು ಮನೆಯವರು ಯೋಚಿಸಬೇಕು. ಮಗ ಮಾತು ಕಡಿಮೆ ಮಾಡಿದ್ದನ್ನು ನೀವು ಸಿಟ್ಟೆಂದು ಭಾವಿಸಿರುವಂತಿದೆ. ನನಗೆ ಹಾಗೆ ತೋರುವುದಿಲ್ಲ. ಹೇಳಲು ಹೊಸದೇನೂ ಇಲ್ಲದವನು ಏನು ಮಾತಾಡಿಯಾನು?

ಇನ್ನು ಊರಿನ ಆಯ್ಕೆ. ಅಗ್ಗದ ವಿಮಾನದ ಜಾಹೀರಾತು ನೋಡಿ ಊರು ಗೊತ್ತುಮಾಡುವ ಹುಡುಗರು ಬಹಳ. ಇಪ್ಪತ್ತು ಯೂರೋಗೆ ಪ್ಯಾರಿಸ್ ಎಂದು ಬರೆದಿರುತ್ತದೆ. ವಿಮಾನ ಇಳಿಯುವುದು ಪ್ಯಾರಿಸ್ಸಿನಿಂದ ಎಂಬತ್ತು ಕಿಲೋಮೀಟರಿಗೂ ದೂರದ ಬೋವೇ ಎಂಬಲ್ಲಿ. ಅಲ್ಲಿಂದ ಬಸ್ಸಿಗೆ ಬೇರೆ, ಚೀಲಕ್ಕೆ ಬೇರೆ, ಕುಳಿತುಕೊಳ್ಳುವ ಜಾಗ ಆರಿಸಿದರೆ ಅದಕ್ಕೂ ಬೇರೆ. ಆದುದರಿಂದ ಈಗಾಗಲೇ ಹಣ ತೆತ್ತ ಟಿಕೆಟು ಎಲ್ಲಿಯವರೆಗೆ ಒಯ್ಯುತ್ತದೆಯೋ ಅಲ್ಲಿಯ ಊರನ್ನು ಆರಿಸಬೇಕು. ಜರ್ಮನಿಯಲ್ಲಿ 2023ರ ಮೇ ತಿಂಗಳಿನಿಂದ ಡಾಯ್ಚ್‌ಲಾಂಟ್‌ಟಿಕೆಟ್ ಎಂಬ ಮಾಸಿಕ ಪಾಸು ಬಂದಿದೆ. ಆರಂಭದಲ್ಲಿ 49 ಯೂರೋ ಇದ್ದದ್ದು 2025ರಲ್ಲಿ 58, 2026ರ ಜನವರಿಯಿಂದ 63 ಆಯಿತು. ವಿದ್ಯಾರ್ಥಿಗಳಿಗೆ ಹಲವು ಕಡೆ ರಿಯಾಯಿತಿ ಇದೆ. ಇದರಲ್ಲಿ ದೇಶದ ಉದ್ದಗಲಕ್ಕೆ ಸ್ಥಳೀಯ ರೈಲು, ಟ್ರಾಮು, ಬಸ್ಸುಗಳಲ್ಲಿ ತಿರುಗಬಹುದು. ಐಸಿಇ, ಐಸಿ ಮುಂತಾದ ವೇಗದ ರೈಲುಗಳಿಗೆ ಇದು ಸಲ್ಲದು. ಅರಿಯದೆ ಹತ್ತಿದವನು ದಂಡ ತೆರಬೇಕಾಗುತ್ತದೆ. ನಿತ್ಯ ಕಾಲೇಜಿಗೆ ಹೋಗಲು ಹುಡುಗನ ಜೇಬಿನಲ್ಲಿ ಈ ಪಾಸು ಇದ್ದೇ ಇದ್ದರೆ ಪ್ರವಾಸದ ರೈಲು ಖರ್ಚು ಸೊನ್ನೆ.

ಬಾಸೆಲ್ ಈ ಲೆಕ್ಕಕ್ಕೆ ಹೊಂದುವ ಊರು. ಕಾರ್ಲ್ಸ್‌ರೂಹೆಯಿಂದ ರೈನ್ ನದಿಯ ಬಯಲಿನಲ್ಲಿ ದಕ್ಷಿಣಕ್ಕೆ, ಓಫನ್‌ಬುರ್ಗ್, ಫ್ರೈಬುರ್ಗ್‌ಗಳ ಮೂಲಕ, ಸ್ಥಳೀಯ ರೈಲಿನಲ್ಲಿ ಸುಮಾರು ಮೂರು ಗಂಟೆಯ ದಾರಿ. ವೇಗದ ರೈಲಾದರೆ ಎರಡು ಗಂಟೆಯೊಳಗೆ ಮುಟ್ಟಿಸುತ್ತದೆ. ಉಳಿಯುವ ಒಂದು ಗಂಟೆಗಾಗಿ ಹಣ ಸುರಿಯುವುದು ವಿದ್ಯಾರ್ಥಿಗೆ ತಕ್ಕುದಲ್ಲ. ಕಿಟಕಿಯ ಎಡಕ್ಕೆ ಕಪ್ಪು ಕಾಡಿನ ಬೆಟ್ಟಗಳು ಕಾಣುತ್ತವೆ. ಬಾಸೆಲ್ಲಿನಲ್ಲಿ ಎರಡು ದೊಡ್ಡ ನಿಲ್ದಾಣಗಳಿವೆ. ಮೊದಲು ಬರುವ ಬಾಡಿಷರ್ ಬಾನ್‌ಹೋಫ್ ಸ್ವಿಸ್ ನೆಲದ ಮೇಲಿದ್ದರೂ ಜರ್ಮನ್ ರೈಲ್ವೆಗೆ ಸೇರಿದ್ದು. ಪಾಸಿನಲ್ಲಿ ಅಲ್ಲಿಯವರೆಗೆ ಹೋಗಿ, ಇಳಿದು, ಹಳೆಯ ಊರಿಗೆ ಅರ್ಧ ಗಂಟೆ ನಡೆದರಾಯಿತು.

ರಾತ್ರಿ ತಂಗಲು ಸ್ವಿಟ್ಜರ್ಲೆಂಡ್ ದುಬಾರಿ ದೇಶ. ಗಡಿಯ ಈಚೆ, ಜರ್ಮನಿಯ ಕಡೆಗೆ, ವೈಲ್ ಆಮ್ ರೈನ್, ಲೊಯ್ರಾಖ್ ಎಂಬ ಸಣ್ಣ ಊರುಗಳು ರೈಲಿನಲ್ಲಿ ಹತ್ತು ಹದಿನೈದು ನಿಮಿಷದಲ್ಲಿವೆ. ಲೊಯ್ರಾಖ್‌ನಲ್ಲಿ ಯುವಜನರ ವಸತಿಗೃಹವುಂಟು. ಯೂತ್ ಹಾಸ್ಟೆಲ್ ಎಂದು ನಾವೆಲ್ಲ ಕೇಳಿರುವುದು ಇದನ್ನೇ. ಈ ಏರ್ಪಾಡು ಹುಟ್ಟಿದ್ದೇ ಜರ್ಮನಿಯಲ್ಲಿ. ರಿಚರ್ಡ್ ಶಿರ್ಮನ್ ಎಂಬ ಶಾಲಾಮಾಸ್ತರರು 1909ರಲ್ಲಿ ಮಕ್ಕಳನ್ನು ಕಾಲ್ನಡಿಗೆಯ ಪ್ರವಾಸಕ್ಕೆ ಕರೆದೊಯ್ದಾಗ ಗುಡುಗು ಮಳೆಗೆ ಸಿಕ್ಕಿ ಒಂದು ಹಳ್ಳಿಯ ಶಾಲೆಯಲ್ಲಿ ರಾತ್ರಿ ಕಳೆದರು. ರಜೆಯಲ್ಲಿ ಖಾಲಿ ಬಿದ್ದಿರುವ ಶಾಲೆಗಳು ದಾರಿಹೋಕ ಮಕ್ಕಳಿಗೆ ತಂಗುದಾಣವಾಗಬಾರದೇಕೆ ಎಂದು ಆ ರಾತ್ರಿ ಅವರಿಗೆ ಹೊಳೆಯಿತು. ಮುಂದೆ ಆಲ್ಟೆನಾ ಎಂಬಲ್ಲಿಯ ಕೋಟೆಯಲ್ಲಿ ಶಾಶ್ವತ ವಸತಿಗೃಹವೇ ಏರ್ಪಟ್ಟಿತು. ನಮ್ಮ ಛತ್ರ, ಧರ್ಮಶಾಲೆಗಳ ಬಂಧುವೆಂದರೆ ಅಡ್ಡಿಯಿಲ್ಲ. ಇಲ್ಲಿ ಹಣ ಕೊಡಬೇಕು, ಅಷ್ಟೇ ಭೇದ. ಒಂದು ಕೋಣೆಯಲ್ಲಿ ನಾಲ್ಕಾರು ಮಂದಿ ಮಲಗುವ ವ್ಯವಸ್ಥೆ. ಹಾಸಿಗೆ ಬಟ್ಟೆ, ಬೆಳಗಿನ ಉಪಾಹಾರ ಸಾಮಾನ್ಯವಾಗಿ ದರದಲ್ಲೇ ಸೇರಿರುತ್ತವೆ. ಸದಸ್ಯತ್ವ ಮಾಡಿಸಿಕೊಳ್ಳಬೇಕು, ಎಳೆಯ ವಯಸ್ಸಿನವರಿಗೆ ಅದರ ಶುಲ್ಕ ಕಡಿಮೆ. ಒಂದು ರಾತ್ರಿಗೆ ನಲವತ್ತು ಯೂರೋ ಆಸುಪಾಸು ಎಂದು ಹಿಡಿಯಿರಿ. ಬಾಸೆಲ್ ನಗರದೊಳಗೇ ತಂಗುವವರಿಗೆ ನಗರದ ಟ್ರಾಮು ಬಸ್ಸುಗಳಲ್ಲಿ ಉಚಿತವಾಗಿ ತಿರುಗುವ, ಮ್ಯೂಸಿಯಂಗಳಲ್ಲಿ ಅರ್ಧ ದರ ಕೊಡುವ ಕಾರ್ಡು ಸಿಗುತ್ತದೆ. ಅದರ ಲಾಭ ಕಳೆದು ಎರಡರ ದರ ತೂಗಿ ನೋಡಿಯೇ ನಿರ್ಧರಿಸಬೇಕು. ಜೂನ್ ತಿಂಗಳಲ್ಲಿ ಅಲ್ಲಿ ಕಲಾಸಂತೆ ನೆರೆಯುತ್ತದೆ, ಚಳಿಗಾಲದ ಕೊನೆಗೆ ಮೂರು ದಿನದ ಕಾರ್ನಿವಲ್ ಹಬ್ಬ. ಆ ದಿನಗಳಲ್ಲಿ ಹೋಗುವುದೇ ಬೇಡ. ಹಾಸಿಗೆಯ ಬೆಲೆ ಬಾನಿಗೇರಿರುತ್ತದೆ.

ಊಟದ ವಿಷಯದಲ್ಲಿ ನಮ್ಮ ತಾಯಂದಿರ ಕೈಯೇ ಮೇಲು. ಮಗನಿಗೆ ಊರಿನಿಂದ ಕಟ್ಟಿಕೊಟ್ಟ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಇನ್ನೂ ಉಳಿದಿದ್ದರೆ ಪ್ರವಾಸಕ್ಕೆ ಅದರಂಥ ಬುತ್ತಿ ಇನ್ನೊಂದಿಲ್ಲ. ಕೆಡುವುದಿಲ್ಲ, ಸೋರುವುದಿಲ್ಲ, ಬಿಸಿ ಮಾಡಬೇಕಿಲ್ಲ. ಮೊಸರು, ಬಾಳೆಹಣ್ಣು, ಸೌತೆಕಾಯಿ ಶನಿವಾರವೇ ಜರ್ಮನಿಯ ಅಂಗಡಿಯಲ್ಲಿ ಕೊಂಡಿಟ್ಟುಕೊಳ್ಳಲಿ. ಭಾನುವಾರ ಎರಡೂ ದೇಶಗಳಲ್ಲಿ ಅಂಗಡಿಗಳಿಗೆ ಬೀಗ, ದೊಡ್ಡ ನಿಲ್ದಾಣದೊಳಗಿನ ಒಂದೆರಡನ್ನು ಬಿಟ್ಟು. ಶಾಕಾಹಾರಿಗಳು ಅಲ್ಲಿ ಕಣ್ಣು ತೆರೆದಿರಬೇಕು. ಗಟ್ಟಿ ಗಿಣ್ಣಿನ ಹಲವು ಬಗೆಗಳಿಗೆ ಕರುವಿನ ಜಠರದಿಂದ ತೆಗೆದ ಹೆಪ್ಪು ಹಾಕುತ್ತಾರೆ. ಸ್ವಿಸ್ ದೇಶದ ಹೆಸರಾಂತ ಗ್ರುಯೇರ್ ಕೂಡ ಹಾಗೆಯೇ. ಜೆಲ್ಲಿ ಮಿಠಾಯಿಗಳಲ್ಲಿ ಪ್ರಾಣಿಜನ್ಯ ಜೆಲಟಿನ್ ಇರುತ್ತದೆ. ಪೊಟ್ಟಣದ ಮೇಲೆ ಬರೆದುದನ್ನು ಓದಬೇಕು, ಅನುಮಾನ ಬಂದರೆ ಕೇಳಬೇಕು. ನೀರಿಗೆ ಮಾತ್ರ ಬಾಸೆಲ್ಲಿನಲ್ಲಿ ಒಂದು ಕಾಸೂ ಕೊಡಬೇಕಿಲ್ಲ. ಇನ್ನೂರಕ್ಕೂ ಮಿಕ್ಕಿ ಕಾರಂಜಿಗಳು ಬೀದಿಬೀದಿಯಲ್ಲಿ ಹರಿಯುತ್ತಿವೆ. ಬಹುಪಾಲು ಎಲ್ಲವುಗಳ ನೀರು ಕುಡಿಯಲು ಯೋಗ್ಯ. ಖಾಲಿ ಬಾಟಲಿಯೊಂದು ಚೀಲದಲ್ಲಿದ್ದರೆ ಸಾಕು.

ಕಾಗದಪತ್ರಗಳ ಮಾತನ್ನು ಹುಡುಗರು ಹಗುರವಾಗಿ ಕಾಣುವುದರಿಂದ ಒತ್ತಿ ಹೇಳುತ್ತೇನೆ. ಸ್ವಿಟ್ಜರ್ಲೆಂಡ್ ಯೂರೋಪಿಯನ್ ಒಕ್ಕೂಟಕ್ಕೆ ಸೇರಿಲ್ಲ. ಆದರೆ 2008ರಿಂದ ಷೆಂಗೆನ್ ಒಪ್ಪಂದದ ವ್ಯವಸ್ಥೆಯೊಳಗಿದೆ. ಜರ್ಮನಿಯ ನಿವಾಸ ಪರವಾನಿಗೆಯ ಕಾರ್ಡು ಮತ್ತು ಪಾಸ್‌ಪೋರ್ಟ್ ಇದ್ದವನು ಬೇರೆ ವೀಸಾ ಇಲ್ಲದೆ ಹೋಗಿ ಬರಬಹುದು. ಆದರೆ 2023ರ ಅಕ್ಟೋಬರ್‌ನಲ್ಲಿ ಜರ್ಮನಿ ಈ ಗಡಿಯಲ್ಲಿ ತಪಾಸಣೆ ಆರಂಭಿಸಿತು. ಮರಳುವಾಗ ರೈಲಿನಲ್ಲೇ ಪೊಲೀಸರು ಬಂದು ಕೇಳಿಯಾರು. ಮೊಬೈಲಿನಲ್ಲಿರುವ ಚಿತ್ರ ತೋರಿಸಿದರೆ ಕೆಲಸವಾಗದು, ಮೂಲವೇ ಬೇಕು. ಕಾರ್ಡು ಇನ್ನೂ ಕೈಗೆ ಬಂದಿರದೆ ತಾತ್ಕಾಲಿಕ ಪತ್ರವೊಂದೇ ಇದ್ದರೆ ಅದು ಗಡಿ ದಾಟಲು ಎಲ್ಲ ಸಂದರ್ಭಗಳಲ್ಲೂ ಸಾಲದು. ಕೊಟ್ಟ ಕಚೇರಿಯಲ್ಲಿ ವಿಚಾರಿಸದೆ ಹೊರಡಬಾರದು.

ಇದಕ್ಕಿಂತ ಕಡಿಮೆ ಜನರಿಗೆ ಗೊತ್ತಿರುವುದು ವಿಮೆಯ ಸಂಗತಿ. ಜರ್ಮನಿಯ ಸಾರ್ವಜನಿಕ ಆರೋಗ್ಯ ವಿಮೆಯ ಕಾರ್ಡಿನ ಹಿಂಬದಿಯಲ್ಲಿ ಯೂರೋಪಿನ ಇತರ ದೇಶಗಳಲ್ಲಿ ಚಿಕಿತ್ಸೆಗೆ ಸಲ್ಲುವ ಗುರುತು ಇರುತ್ತದೆ. ಅದನ್ನು ನಂಬಿ ಹುಡುಗರು ಎಲ್ಲ ಕಡೆಗೂ ಹೋಗುತ್ತಾರೆ. ಒಕ್ಕೂಟದ ಹೊರಗಿನ ದೇಶಗಳ ಪ್ರಜೆಗಳಿಗೆ, ಎಂದರೆ ಭಾರತೀಯರಿಗೆ, ಆ ಗುರುತು ಸ್ವಿಟ್ಜರ್ಲೆಂಡಿನಲ್ಲಿ ನಡೆಯದು. ಮೆಟ್ಟಿಲಿನಲ್ಲಿ ಜಾರಿ ಕಾಲು ಮುರಿದುಕೊಂಡರೆ ಅಲ್ಲಿಯ ಆಸ್ಪತ್ರೆಯ ಬಿಲ್ಲು ಒಂದು ಸೆಮಿಸ್ಟರಿನ ಖರ್ಚನ್ನೇ ನುಂಗೀತು. ವರ್ಷಕ್ಕೆ ಅಲ್ಪ ಹಣ ತೆತ್ತು ಪ್ರವಾಸದ ಆರೋಗ್ಯ ವಿಮೆ ಮಾಡಿಸಬಹುದು. ಮಾಡಿಸದೆ ಗಡಿ ದಾಟುವುದಾದರೆ ತಂದೆಯವರು ಬೇಡವೆಂದದ್ದೇ ಸರಿ ಎನ್ನುವೆನು. ಹಾಗೆಯೇ ಜರ್ಮನಿಯ ಮೊಬೈಲ್ ಸಂಪರ್ಕ ಒಕ್ಕೂಟದೊಳಗೆ ಹೆಚ್ಚುವರಿ ಹಣವಿಲ್ಲದೆ ನಡೆದರೂ ಸ್ವಿಟ್ಜರ್ಲೆಂಡಿಗೆ ಅದು ಅನ್ವಯಿಸಬೇಕೆಂಬ ನಿಯಮವಿಲ್ಲ. ಕಂಪನಿಯನ್ನು ಕೇಳಿ ತಿಳಿಯದಿದ್ದರೆ ಗಡಿಗೆ ಮೊದಲೇ ಇಂಟರ್‌ನೆಟ್ಟನ್ನು ಆರಿಸಿ, ಊರಿನ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಬೇಕು. ಅಂಗಡಿಯ ಯಂತ್ರದಲ್ಲಿ ಕಾರ್ಡು ಇಟ್ಟಾಗ "ಯೂರೋದಲ್ಲೋ, ಫ್ರಾಂಕಿನಲ್ಲೋ" ಎಂದು ಕೇಳಿದರೆ ಫ್ರಾಂಕೇ ಎನ್ನಲಿ. ಯೂರೋ ಎಂದವನಿಗೆ ವಿನಿಮಯದಲ್ಲಿ ಸಣ್ಣ ಕತ್ತರಿ ಬೀಳುತ್ತದೆ.

ಇಷ್ಟೆಲ್ಲ ಜಾಗರೂಕತೆಯಿಂದ ಹೋಗಿ ನೋಡುವುದೇನು? ಎಲ್ಲವನ್ನೂ ನೋಡಿ ಬರುವೆನೆಂಬ ಹಟ ಎರಡು ದಿನದ ಪ್ರವಾಸಕ್ಕೆ ಶತ್ರು. ಒಂದು ಮುಖ್ಯ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಬೇಕು. ಉಳಿದುದು ದಾರಿಯಲ್ಲಿ ಸಿಕ್ಕಷ್ಟು. ಕನ್ನಡಿಗನಿಗೆ ಬಾಸೆಲ್ಲಿನಲ್ಲಿ ಅಂಥದೊಂದು ಸಂಗತಿ ಇದೆ. 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ನಿನ ಊರು ಇದು. ಅದರ ಮೊದಲ ತಂಡ 1834ರಲ್ಲಿ ಮಂಗಳೂರಿನಲ್ಲಿ ಇಳಿಯಿತು. ಎರಡು ವರ್ಷದ ತರುವಾಯ ಬಂದ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರತಂದರು. 'ಬಿಬ್ಲಿಯೋಥಿಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣಗಳನ್ನು ಮುದ್ರಿಸಿದವರೂ ಅವರೇ. 1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲ್ಲರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ನನ್ನ ಮೇಜಿನ ಮೇಲೆ ಇಂದಿಗೂ ಅದು ದಿನಕ್ಕೆ ಹತ್ತು ಬಾರಿ ತೆರೆಯುತ್ತದೆ. ಅವರು ಬಂದ ಉದ್ದೇಶ ಬೇರೆ. ಆ ಚರ್ಚೆಗೆ ಇಲ್ಲಿ ಎಡೆಯಿಲ್ಲ. ನಮ್ಮ ಭಾಷೆಗೆ ಆದ ಉಪಕಾರವನ್ನು ಮರೆಯುವಂತಿಲ್ಲ.

ಮಿಷನ್ನಿನ ದೊಡ್ಡ ಕಟ್ಟಡ ಮಿಸಿಯೋನ್ಸ್‌ಸ್ಟ್ರಾಸೆ ಎಂಬ ಬೀದಿಯಲ್ಲಿದೆ. ದಾಖಲೆಗಳ ಓದುಕೋಣೆಗೆ ಮುಂಚಿತವಾಗಿ ತಿಳಿಸಿ ವಾರದ ದಿನ ಹೋಗಬೇಕು. ಶನಿವಾರ ಭಾನುವಾರದವರಿಗೆ ಹೊರನೋಟವೇ ಗತಿ. ಅದಕ್ಕೆ ಪರಿಹಾರವೂ ಇದೆ. ಆ ಸಂಗ್ರಹದ ಹಳೆಯ ಫೋಟೋಗಳನ್ನು ಜಾಲತಾಣದಲ್ಲಿ ಉಚಿತವಾಗಿ ನೋಡಬಹುದು. ಮಂಗಳೂರಿನ ಹೆಂಚಿನ ಕಾರ್ಖಾನೆ, ಧಾರವಾಡ ಸೀಮೆಯ ಶಾಲೆಗಳ ಚಿತ್ರಗಳನ್ನು ಹೊರಡುವ ಮೊದಲು ಕೋಣೆಯಲ್ಲೇ ಕುಳಿತು ಒಂದು ಸಂಜೆ ನೋಡಲಿ. ಬಳಿಕ ಆ ಬೀದಿಯಲ್ಲಿ ನಿಂತಾಗ ಕಟ್ಟಡ ಬರಿಯ ಕಟ್ಟಡವಾಗಿರುವುದಿಲ್ಲ.

ಬಾಸೆಲ್ ಸ್ವತಃ ಅಚ್ಚಿನ ಊರು. 1460ರಲ್ಲೇ ವಿಶ್ವವಿದ್ಯಾಲಯ ಕಂಡ ನಗರ. ಇರಾಸ್ಮಸ್ ಪಂಡಿತರು ಶೋಧಿಸಿದ ಗ್ರೀಕ್ ಹೊಸ ಒಡಂಬಡಿಕೆ 1516ರಲ್ಲಿ, ಮನುಷ್ಯ ಶರೀರದ ರಚನೆಯನ್ನು ಹೊಸದಾಗಿ ನಿರೂಪಿಸಿದ ವೆಸಾಲಿಯಸರ ಗ್ರಂಥ 1543ರಲ್ಲಿ ಅಚ್ಚಾದದ್ದು ಇಲ್ಲಿಯೇ. ರೈನ್ ದಂಡೆಯ ಬಳಿ ಹಳೆಯ ಕಾಗದದ ಗಿರಣಿಯೊಂದು ಈಗ ಮ್ಯೂಸಿಯಂ ಆಗಿದೆ. ನೀರಿನ ಚಕ್ರ ತಿರುಗುತ್ತಿರುತ್ತದೆ. ಚಿಂದಿಯ ತಿರುಳಿನಿಂದ ಹಾಳೆ ಎತ್ತುವುದನ್ನೂ ಮೊಳೆ ಜೋಡಿಸುವುದನ್ನೂ ಕಣ್ಣೆದುರು ತೋರಿಸುತ್ತಾರೆ. ವಿದ್ಯಾರ್ಥಿ ದರ ಕೇಳಿ ಪಡೆದು ಹಣ ಕೊಟ್ಟು ನೋಡಬೇಕಾದ ಒಂದೇ ಸ್ಥಳವನ್ನು ಆರಿಸು ಎಂದರೆ ನಾನು ಇದನ್ನೇ ಆರಿಸುವೆನು. ಚಿತ್ರಕಲೆಯ ಮ್ಯೂಸಿಯಂ ಕೂಡ ಘನವಾದುದು; 1661ರಲ್ಲಿ ನಗರವೇ ಒಂದು ಮನೆತನದ ಸಂಗ್ರಹವನ್ನು ಕೊಂಡು ಸಾರ್ವಜನಿಕರದಾಗಿ ಮಾಡಿದ್ದು ಅದರ ಮೂಲ. ಇಂಥ ಮ್ಯೂಸಿಯಂಗಳಿಗೆ ಉಚಿತ ಪ್ರವೇಶದ ದಿನ, ವೇಳೆಗಳು ಇರುತ್ತವೆ. ಜಾಲತಾಣದಲ್ಲಿ ಅವನ್ನು ನೋಡಿಕೊಂಡೇ ಪ್ರವಾಸದ ತಾರೀಖು ಗೊತ್ತುಮಾಡುವುದು ಜಾಣತನ.

ಉಳಿದುದಕ್ಕೆ ಹಣವೇ ಬೇಡ. ಕೆಂಪು ಮರಳುಗಲ್ಲಿನ ಮ್ಯೂನ್ಸ್ಟರ್ ಎಂಬ ಪ್ರಾಚೀನ ಚರ್ಚಿನೊಳಗೆ ಇರಾಸ್ಮಸರ ಸಮಾಧಿಯಿದೆ. ಹಿಂಬದಿಯ ಜಗಲಿಯಿಂದ ರೈನ್ ನದಿಯ ತಿರುವು ಕಾಣುತ್ತದೆ. ಕೆಳಗಿಳಿದರೆ ದೋಣಿ. ಇಂಥ ನಾಲ್ಕು ದೋಣಿಗಳಿವೆ. ಯಾವುದಕ್ಕೂ ಯಂತ್ರವಿಲ್ಲ, ಹುಟ್ಟೂ ಇಲ್ಲ. ಹೊಳೆಗೆ ಅಡ್ಡಲಾಗಿ ಕಟ್ಟಿದ ತಂತಿಗೆ ದೋಣಿಯನ್ನು ಬಿಗಿದಿರುತ್ತಾರೆ. ನಾವಿಕನು ದೋಣಿಯ ಓರೆಯನ್ನು ಬದಲಿಸಿದನೆಂದರೆ ನೀರಿನ ಸೆಳವೇ ಅದನ್ನು ಆಚೆ ದಡಕ್ಕೆ ತಳ್ಳುತ್ತದೆ. ಕೆಲವು ವರ್ಷಗಳ ಹಿಂದೆ ಒಂದು ವಿದ್ವತ್ಸಭೆಯ ನಿಮಿತ್ತ ಆ ಕಡೆ ಹೋದಾಗ ಅದರಲ್ಲಿ ಕುಳಿತಿದ್ದೆ. ತುಂಗಭದ್ರೆಯ ಹರಿಗೋಲಿನಲ್ಲಿ ಬುಟ್ಟಿಯಂತೆ ಸುತ್ತುತ್ತ ಹೊಳೆ ದಾಟಿದವನಿಗೆ ಆ ನಿಶ್ಶಬ್ದ ನೇರ ನಡಿಗೆ ಬೆರಗೆನಿಸಿತು. ಎಂಜಿನಿಯರಿಂಗ್ ಓದುವ ಹುಡುಗ ಅದರ ಬಲರೇಖೆಗಳನ್ನು ಬಿಡಿಸಿಯೇ ಬಿಟ್ಟಾನು. ಖರ್ಚು ಎರಡು ಫ್ರಾಂಕಿನ ಆಸುಪಾಸು. ಬೇಸಿಗೆಯಲ್ಲಿ ಊರಿನವರು ಆ ನದಿಯಲ್ಲಿ ಸೆಳವಿನೊಡನೆ ತೇಲಿ ಹೋಗುವುದನ್ನು ಕಾಣಬಹುದು. ಕೆರೆಯಲ್ಲಿ ಈಜು ಕಲಿತವನು ಅದನ್ನು ನೋಡಿ ಆಸೆಪಡಬಾರದು. ಸೆಳವು ಬಲು ಬಿರುಸು.

ಇನ್ನೊಂದು ಮಾತನ್ನು ಬಿಡುವಂತಿಲ್ಲ, ಏಕೆಂದರೆ ತಾಯಿಯ ಪತ್ರದ ಕೊನೆಯ ಸಾಲು ಅದೇ ಆಗಿದೆ: "ಫೋಟೋ ಹಾಕಿದರ ಮಂದಿ ಏನಂತಾರ?" ನಿಜ. ಹುಡುಗ ನದಿಯ ಮುಂದೆ ನಿಂತ ಒಂದು ಚಿತ್ರ ವಾಟ್ಸಾಪಿನಲ್ಲಿ ಬಂದರೆ ಸಾಕು, ಮನೆ ಒತ್ತೆ ಇಟ್ಟು ಮಗನನ್ನು ಮೋಜಿಗೆ ಕಳುಹಿಸಿದರೆಂದು ಆಡಿಕೊಳ್ಳುವ ಬಂಧುಗಳು ಎಲ್ಲರಿಗೂ ಇದ್ದಾರೆ. ಅದಕ್ಕಂಜಿ ಹುಡುಗರು ಮನೆಗೆ ಹೇಳದೆ ಹೋಗಿಬರುವುದನ್ನು ಕಲಿಯುತ್ತಾರೆ. ನನ್ನ ದೃಷ್ಟಿಯಲ್ಲಿ ತೊಂಬತ್ತು ಯೂರೋ ಹೋದದ್ದು ದೊಡ್ಡ ನಷ್ಟವಲ್ಲ. ಮಗ ಮನೆಗೆ ಹೇಳದಂತಾದದ್ದು ದೊಡ್ಡ ನಷ್ಟ. ಅವನು ಹೋಗುವ ಮುನ್ನ ಖರ್ಚಿನ ಅಂದಾಜನ್ನೂ ಬಂದ ಮೇಲೆ ಖರ್ಚಾದ ಲೆಕ್ಕವನ್ನೂ ತಂದೆಗೆ ಕಳುಹಿಸಲಿ. ಹಾಸಿಗೆಗೆ ನಲವತ್ತು, ಮ್ಯೂಸಿಯಂ ಮತ್ತು ದೋಣಿಗೆ ಇಪ್ಪತ್ತು, ತಿನಿಸಿಗೆ ಹತ್ತು, ಮುಟ್ಟದೆ ತರಬೇಕಾದ ಆಪದ್ಧನ ಇಪ್ಪತ್ತು. ತಂದೆಯವರು ಅದನ್ನು ತಮ್ಮ ಅಡತಿ ಅಂಗಡಿಯ ಲೆಕ್ಕದಂತೆ ತಪ್ಪು ಹುಡುಕುತ್ತ ಓದದೆ, ದೋಣಿ ಹೇಗಿತ್ತೆಂದು ಕೇಳಲಿ.

ಮರಳುವ ರೈಲಿನ ಬಗ್ಗೆ ಒಂದು ಎಚ್ಚರಿಕೆ. ವಾರಾಂತ್ಯದಲ್ಲಿ ಜರ್ಮನಿಯ ಹಳಿಗಳ ಮೇಲೆ ದುರಸ್ತಿ ನಡೆಯುವುದು ಸಾಮಾನ್ಯ. ರೈಲು ತಡವಾಗುವುದೂ ನಡುದಾರಿಯಲ್ಲಿ ಇಳಿಸಿ ಬಸ್ಸು ಹತ್ತಿಸುವುದೂ ಉಂಟು. ಹೊರಡುವ ಹಿಂದಿನ ರಾತ್ರಿ ಮತ್ತೊಮ್ಮೆ ವೇಳಾಪಟ್ಟಿ ನೋಡಬೇಕು. ಭಾನುವಾರ ರಾತ್ರಿಯ ಕೊನೆಯ ರೈಲನ್ನು ನೆಚ್ಚದೆ ಅದಕ್ಕಿಂತ ಎರಡು ರೈಲು ಮೊದಲಿನದನ್ನು ಹಿಡಿದರೆ ಸೋಮವಾರದ ಮೊದಲ ತರಗತಿ ತಪ್ಪುವುದಿಲ್ಲ. ಮುಂದಿನ ಮೂರು ತಿಂಗಳ ಬಳಿಕ ಎಲ್ಲಿಗೆ ಎಂದು ಅವನು ಕೇಳಿದರೆ ಟ್ಯೂಬಿಂಗನ್ ಎನ್ನಿರಿ. ಕಿಟ್ಟೆಲ್ಲರು 1903ರಲ್ಲಿ ತೀರಿಕೊಂಡ ಊರದು, ಅವನಿರುವ ರಾಜ್ಯದಲ್ಲಿಯೇ ಇದೆ, ಅದೇ ಪಾಸಿನಲ್ಲಿ ಹೋಗಬಹುದು.